ಸುವಾದಲ್ಲೊಂದು ತವರು

ಆಗಸ್ಟ್ 17, 1975, ಭಾನುವಾರ. ಕ್ಲಿಯರ್ ಲೇಕ್, ಹ್ಯೂಸ್ಟನ್

ವಾಸುವಿನ ಕಾಗದ ಬಂದು ಮೂರು ದಿನವಾಯಿತು. ಉತ್ತರ ಬರೆದಿಲ್ಲ. "ಪದ್ದಕ್ಕ, ಅಮ್ಮ ಹೋದಮೇಲೆ ಇದು ಮೊದಲನೇ ಗೌರಿ ಹಬ್ಬ. ಈ ಸಲ ನೀನು ತವರಿಗೆ ಬರಲೇಬೇಕು. ಇನ್ನು ಮೇಲೆ ಸುವಾನೇ ನಿನ್ನ ತವರು" ಎಂದು ಬರೆದಿದ್ದಾನೆ. ಬರೆಯುವುದಕ್ಕೇನು, ಮೇಷ್ಟ್ರು ತಾನೆ, ಚೆನ್ನಾಗಿಯೇ ಬರೆಯುತ್ತಾನೆ.

ತವರು ಎನ್ನುವುದು ಅಂಚೆಯವನಿಗೆ ಹೇಳಿ ಬದಲಾಯಿಸುವ ವಿಳಾಸವೇ? ಮೈಸೂರಿನ ಬಾಡಿಗೆ ಮನೆ ಫೆಬ್ರವರಿಯಲ್ಲಿ ಅಮ್ಮನ ಜೊತೆಗೇ ಮುಗಿಯಿತು. ತಂತಿ ಬಂದಾಗ ಇವರು ಆಫೀಸಿನಲ್ಲಿದ್ದರು. ನಾನೊಬ್ಬಳೇ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಹೊರಟು ತಲುಪುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತಿತ್ತು, ಹೋಗಲಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆಂದು ಅಮ್ಮ ಹಡಗಿನ ಅಂಚೆಯಲ್ಲಿ ಕಳಿಸುತ್ತಿದ್ದ ರವಿಕೆ ಕಣ, ಬಳೆ, ಕುಂಕುಮ ದೀಪಾವಳಿ ಹೊತ್ತಿಗೆ ಬಂದು ಸೇರುತ್ತಿದ್ದವು. ಬಳೆ ಅರ್ಧಕ್ಕರ್ಧ ಒಡೆದಿರುತ್ತಿದ್ದವು. ಉಳಿದದ್ದನ್ನೇ ತೊಟ್ಟುಕೊಂಡು ತಿರುಗುತ್ತಿದ್ದೆ.

ವಾಸುವನ್ನು ನಾನು ಬಿಟ್ಟು ಬಂದಾಗ ಅವನು ಎಂಟನೇ ಕ್ಲಾಸು. ಈಗ ಫಿಜಿ ದ್ವೀಪಗಳ ರಾಜಧಾನಿ ಸುವಾದಲ್ಲಿ ಹೈಸ್ಕೂಲು ಮೇಷ್ಟ್ರು. ಎರಡು ವರ್ಷದ ಹಿಂದೆ ಅಲ್ಲೇ ಹುಟ್ಟಿ ಬೆಳೆದ ಹುಡುಗಿಯನ್ನು ಮದುವೆಯಾದ. ಅವಳ ಅಜ್ಜ ಅಜ್ಜಿಯರನ್ನು ಬ್ರಿಟಿಷರು ಕಬ್ಬಿನ ಗದ್ದೆಗೆ ಕೂಲಿಗೆಂದು ಹಡಗು ಹತ್ತಿಸಿದ್ದರಂತೆ. ಮದುವೆಯ ಫೋಟೋ ನೋಡಿ ಅಮ್ಮ "ಹಲ್ಲು ಚೆನ್ನಾಗಿದೆ" ಎಂದಷ್ಟೇ ಬರೆದಿದ್ದಳು. ಅದಕ್ಕಿಂತ ಹೆಚ್ಚು ಏನನ್ನೂ ಬರೆಯಲಿಲ್ಲ.

ಇವತ್ತು ಡಾಕ್ಟರ ಹೆಂಡತಿ ಲಲಿತಮ್ಮ ಬಂದಿದ್ದರು. ಧಾರವಾಡದವರು, ಮನಸ್ಸಿನಲ್ಲಿ ಬಂದದ್ದು ಬಾಯಲ್ಲಿ.

"ಯಾವ ಪೈಕಿರೀ ಹುಡುಗಿ?"

"ಕಬ್ಬಿನ ಪೈಕಿ."

"ಏನ್ ಮಾತಾಡ್ತೀರಿ ನೀವು. ಹೋಗಿ ಬರ್ರಿ, ಒಬ್ಬನೇ ತಮ್ಮ ಇದ್ದಾನ."

ಹೋಗಿ ಬರಬಹುದು. ಹೋಗಿ ನೋಡಿ, ಅದು ತವರಲ್ಲ ಎಂದು ಗೊತ್ತಾದರೆ? ಹೋಗದೇ ಇದ್ದರೆ ಎಲ್ಲೋ ಒಂದು ಇದೆ ಎಂದುಕೊಂಡಾದರೂ ಇರಬಹುದು.

ಆಗಸ್ಟ್ 23, ಶನಿವಾರ

ಇವರು ಟಿಕೆಟ್ಟೇ ತಂದುಬಿಟ್ಟಿದ್ದಾರೆ. ಜುಲೈನಲ್ಲಿ ಕೊನೆಯ ಬಾಹ್ಯಾಕಾಶ ನೌಕೆ ಸಮುದ್ರಕ್ಕೆ ಇಳಿದ ಮೇಲೆ ಇವರ ಕೆಲಸವೂ ಕೆಳಗಿಳಿದಿದೆ. ಈ ತಿಂಗಳು ಆಸ್ಟಿನ್‌ನಲ್ಲಿ ಒಂದು ಇಂಟರ್‌ವ್ಯೂ ಆಯಿತು, ಮುಂದಿನ ತಿಂಗಳು ಡಲ್ಲಾಸಿನಲ್ಲಿ ಒಂದಿದೆ. ಇಂಥ ಹೊತ್ತಿನಲ್ಲಿ ನಾನು ಹಬ್ಬಕ್ಕೆ ಹೊರಡುವುದೇ ಎಂದೆ.

"ನೀನು ಇಲ್ಲಿದ್ದು ಏನ್ಮಾಡ್ತೀ? ನಾನು ಫೋನ್ ನೋಡ್ತಾ ಕೂತಿರ್ತೀನಿ, ನೀನು ನನ್ನ ನೋಡ್ತಾ ಕೂತಿರ್ತೀಯ. ಹೋಗಿ ಬಾ."

ಪಂಚಾಂಗದ ಪ್ರಕಾರ ಗೌರಿ ಸೆಪ್ಟೆಂಬರ್ ಎಂಟು, ಸೋಮವಾರ. ಭಾನುವಾರ ರಾತ್ರಿ ಹೊನೊಲುಲು ಬಿಟ್ಟರೆ ಬೆಳಿಗ್ಗೆ ಅಲ್ಲಿ ಇಳಿಯುತ್ತೇನಂತೆ. ತಲೆಗೆ ನೀರು ಹಾಕಿಕೊಂಡು ಪೂಜೆಗೆ ಕೂರುವುದಕ್ಕೆ ಸರಿಹೋಗುತ್ತದೆ. ಚಂದ್ರನಿಗೆ ಹೋದವರನ್ನೇ ವೇಳೆಗೆ ಸರಿಯಾಗಿ ಇಳಿಸಿದ ಮಹಾನುಭಾವರು, ಹೆಂಡತಿಯನ್ನು ಇಳಿಸುವುದೇನು ಮಹಾ.

ವಾಸುವಿಗೆ ವಿಮಾನದ ನಂಬರು ಬರೆದು ಹಾಕಿದೆ. ಅವನ ಹೆಂಡತಿಗೆ ಒಂದು ಸೀರೆ ಇಟ್ಟುಕೊಂಡಿದ್ದೇನೆ. ನನಗೆ ಅಷ್ಟೇನೂ ಹಿಡಿಸದ ಸೀರೆ.

ಸೆಪ್ಟೆಂಬರ್ 7, ಭಾನುವಾರ. ಹೊನೊಲುಲು

ಇಡೀ ದಿನ ಇಲ್ಲಿ ಕಾಯಬೇಕು. ಸಮುದ್ರದ ದಂಡೆಯಲ್ಲಿ ಸೀರೆ ಉಟ್ಟು ಕೂತವಳು ನಾನೊಬ್ಬಳೇ, ಉಳಿದವರು ಏನನ್ನೂ ಉಟ್ಟಂತೆ ಕಾಣಲಿಲ್ಲ. ಯಾರೋ ಒಬ್ಬಾಕೆ ಕೊರಳಿಗೆ ಹೂವಿನ ಹಾರ ಹಾಕಿದಳು. ಕೊರಳಲ್ಲಿ ಹಾರ, ಕೈಯಲ್ಲಿ ಪೆಟ್ಟಿಗೆ, ಚುನಾವಣೆಗೆ ನಿಂತವರ ಹಾಗಿದ್ದೇನೆ.

ಆ ಹುಡುಗಿಯ ಜೊತೆ ಯಾವ ಭಾಷೆಯಲ್ಲಿ ಮಾತಾಡುವುದೋ ಗೊತ್ತಿಲ್ಲ. ನನ್ನ ಹಿಂದಿ ಹ್ಯೂಸ್ಟನ್ನಿನ ಪಂಜಾಬಿ ಗೆಳತಿಯರಿಂದ ಕಲಿತದ್ದು, ತರಕಾರಿ ಮತ್ತು ಸೇಲ್ ಬಿಟ್ಟರೆ ಬೇರೆ ವಿಷಯ ಅದರಲ್ಲಿಲ್ಲ.

ನಾಳೆ ಹಬ್ಬ.

ಸೆಪ್ಟೆಂಬರ್ 8, ಸೋಮವಾರ

ಈ ಪುಟ ಖಾಲಿ ಬಿಡಬೇಕೆಂದಿದ್ದೆ. ಸಿಟ್ಟು ತಡೆಯದೆ ಮರುದಿನ ಬರೆಯುತ್ತಿದ್ದೇನೆ. ಈ ಸೋಮವಾರ ನನಗೆ ಬರಲೇ ಇಲ್ಲ. ಸಮುದ್ರದ ನಡುವೆ ಒಂದು ಗೆರೆ ಇದೆಯಂತೆ. ಈ ಕಡೆ ಭಾನುವಾರವಾದರೆ ಆ ಕಡೆ ಆಗಲೇ ಸೋಮವಾರ. ರಾತ್ರಿ ಅದನ್ನು ದಾಟಿದವರು ಬೆಳಿಗ್ಗೆ ಇಳಿಯುವುದು ಮಂಗಳವಾರಕ್ಕೆ. ವಿಮಾನದ ಹುಡುಗಿ ನಗುನಗುತ್ತ ಹೇಳಿ ಕಿತ್ತಳೆ ರಸ ಕೊಟ್ಟು ಹೋದಳು.

ನನ್ನ ಗೌರಿ ಹಬ್ಬ ಎಲ್ಲಿ ಹೋಯಿತು? ಅಮ್ಮ ಇಲ್ಲದ ಮೊದಲ ವರ್ಷವೇ ತವರಿನ ಹಬ್ಬದ ದಿನ ನನ್ನ ಪಾಲಿಗಿಲ್ಲ ಎಂದರೆ ಏನರ್ಥ? ಶಕುನ ನಂಬುವವಳಲ್ಲ ನಾನು, ಆದರೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಇವರ ಮೇಲೂ ಬಂತು ಕೋಪ. ಇಷ್ಟು ವರ್ಷ ನೌಕೆ ಇಳಿಸುವುದಕ್ಕೆ ಇದೇ ಸಮುದ್ರದ ಲೆಕ್ಕ ಮಾಡಿದವರಿಗೆ ಒಂದು ಗೆರೆ ನೆನಪಾಗಲಿಲ್ಲ. ಮನೆಯಲ್ಲಿ ಉಪ್ಪಿನ ಡಬ್ಬ ಹುಡುಕುವುದಕ್ಕೂ ನನ್ನನ್ನೇ ಕರೆಯುವವರು, ನಾನೇ ವಿಚಾರಿಸಬೇಕಿತ್ತು.

ಸೆಪ್ಟೆಂಬರ್ 9, ಮಂಗಳವಾರ. ಸುವಾ

ನಾಂದಿ ಎಂಬ ಊರಿನಲ್ಲಿ ಬೆಳಗಿನ ಜಾವ ಇಳಿದೆ. ಮೀಸೆ ಬಿಟ್ಟ ಒಬ್ಬ ದೊಡ್ಡ ಮನುಷ್ಯ ಬಂದು ಕಾಲಿಗೆ ಬಿದ್ದ. ಎದ್ದು ನಿಂತಾಗ ಕಣ್ಣು ಮಾತ್ರ ವಾಸುವಿನದು.

"ನಿನ್ನೆ ಹಬ್ಬ ಮುಗೀತಲ್ಲೋ" ಎಂದೆ. ಹದಿಮೂರು ವರ್ಷದ ಮೇಲೆ ತಮ್ಮನನ್ನು ಕಂಡು ಆಡಿದ ಮೊದಲ ಮಾತು.

"ನೀನು ಬರೆದಿದ್ದ ವಿಮಾನ ಮಂಗಳವಾರಾನೇ ಬರೋದು ಪದ್ದಕ್ಕ. ಗೊತ್ತಿದ್ದೇ ಬುಕ್ ಮಾಡಿದೀರ ಅಂದ್ಕೊಂಡೆ. ಭಾವ ರಾಕೆಟ್ಟಿನೋರಲ್ವಾ?"

"ಗೌರಿ ದಿನ ಬರ್ತೀನಿ ಅಂದವಳು ಗಣಪತಿ ದಿನ ಬಂದ ಹಾಗಾಯ್ತು."

"ಗಣಪತೀನೂ ತಾಯಿ ತವರಿಗೆ ಒಂದು ದಿನ ತಡವಾಗೇ ಬರೋದು. ಬಾ, ಬಸ್ಸು ಹೋಗಿಬಿಡತ್ತೆ."

ನಾಂದಿಯಿಂದ ಸುವಾಗೆ ಬಸ್ಸಿನಲ್ಲಿ ಅರ್ಧ ದಿನ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಸಮುದ್ರ, ಮಧ್ಯೆ ಧೂಳು. ಬಸ್ಸಿನವರೆಲ್ಲ ನನ್ನನ್ನು ನೋಡಿ "ಬುಲಾ, ಬುಲಾ" ಎಂದು ನಮಸ್ಕಾರ ಹೇಳಿದರು. ಸುವಾ ಮುಟ್ಟುವ ಹೊತ್ತಿಗೆ ಮಳೆ. ಬಂದರಿನ ಪಕ್ಕದಲ್ಲೇ ಮಾರುಕಟ್ಟೆ, ಗುಜರಾತಿಗಳ ಸೀರೆ ಅಂಗಡಿ, ಗಡಿಯಾರದ ಗೋಪುರ. ಅಡ್ಡಪಂಚೆಯಂಥದ್ದನ್ನು ಉಟ್ಟು ಚೌಕದ ನಡುವೆ ನಿಂತಿದ್ದ ಪೊಲೀಸಿನವನು ಸಾಹೇಬರ ಕಾರನ್ನು ತಡೆದು ನಮ್ಮ ಬಸ್ಸನ್ನು ಬಿಟ್ಟ. ರಾಜಧಾನಿ ಎಂದರೆ ಹೀಗಿರಬೇಕು ಅನ್ನಿಸಿತು.

ಗುಡ್ಡದ ಮೇಲೆ ಮರದ ಮನೆ, ತಗಡಿನ ಸೂರು. ವಾಸುವಿನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಹೆಸರು ಹೊನ್ನಮ್ಮ. ಅವಳಲ್ಲಿ ಕನ್ನಡದ್ದು ಎಂದರೆ ಹೆಸರೊಂದೇ, ಅದೂ ಬಳ್ಳಾರಿ ಕಡೆಯ ಅಜ್ಜಿಯದಂತೆ. ವಾಸುವಿಗಿಂತ ಎತ್ತರ. ಹಲ್ಲು ನಿಜಕ್ಕೂ ಚೆನ್ನಾಗಿದೆ. "ಆವೋ ಅಕ್ಕಾ" ಎಂದು ಕಾಲಿಗೆ ನೀರು ಕೊಟ್ಟು ಗೋಡೆಗೆ ಒರಗಿ ನಿಂತುಬಿಟ್ಟಳು. ಮುಂದಕ್ಕೆ ಬರಲೊಲ್ಲಳು, ಹಿಂದಕ್ಕೂ ಹೋಗಲೊಲ್ಲಳು.

ಅಡುಗೆಮನೆಗೆ ಹೋದರೆ ಒಲೆ ತಣ್ಣಗಿತ್ತು. ಒಂದು ಮೂಲೆಯಲ್ಲಿ ಹೊಸ ಪಾತ್ರೆ, ಹೊಸ ಸೌಟು, ತೊಳೆದಿಟ್ಟ ಅಕ್ಕಿ, ಹೆಚ್ಚದ ತರಕಾರಿ. ಬೆಳಗಿನಿಂದ ಹೊಟ್ಟೆಗೆ ಏನೂ ಬೀಳದ ನನಗೆ ಅರ್ಥವಾಗಲಿಲ್ಲ. ಮೇಷ್ಟ್ರನ್ನು ಕರೆದು ಕೇಳಿದೆ.

"ಅದೂ... ನೀನು ಅವಳ ಕೈಯಡುಗೆ ತಿಂತೀಯೋ ಇಲ್ವೋ ಅಂತ. ನಿನ್ನ ಅಡುಗೆ ನೀನೇ ಮಾಡ್ಕೊಳ್ಳೋ ಹಾಗೆ ಎಲ್ಲಾ ಜೋಡಿಸಿಡು ಅಂತ ನಾನೇ ಹೇಳಿದ್ದೆ."

"ಲೋ, ಇವರ ಆಫೀಸಿನ ಕೆಫೆಟೀರಿಯಾದಲ್ಲಿ ಯಾರು ಬೇಯಿಸಿದ್ದು ಅಂತ ಕೇಳ್ಕೊಂಡು ತಿಂದಿದೀನೇನೋ ನಾನು? ಹಬ್ಬಕ್ಕೆ ಕರೆದು ಉಪವಾಸ ಕೆಡವ್ತೀಯಾ?"

ಮಾತು ಅರ್ಥವಾಗದೆ ಆ ಹುಡುಗಿ ಹೆದರಿದಳು. ನಾನು ಪಂಜಾಬಿ ಹಿಂದಿಯಲ್ಲಿ "ಭೂಖ್ ಲಗೀ ಹೈ, ಕುಛ್ ಬನಾವೋ" ಎಂದೆ. ಅಷ್ಟಕ್ಕೇ ಕಣ್ಣಲ್ಲಿ ನೀರು ತುಂಬಿಕೊಂಡು ಒಲೆ ಹಚ್ಚಿದಳು. ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಅನ್ನದ ಮೇಲೆ ಬಡಿಸಿದಳು. ಉಪ್ಪು ಜಾಸ್ತಿ. ಎರಡು ಸಲ ಹಾಕಿಸಿಕೊಂಡೆ.

ಊಟವಾದಮೇಲೆ ಒಳಕೋಣೆಗೆ ಕರೆದುಕೊಂಡು ಹೋದಳು. ನಿನ್ನೆ ಕೂರಿಸಿದ ಅರಿಶಿನದ ಗೌರಿ ಇನ್ನೂ ಕೂತಿದ್ದಳು. ವಾಸು ನೆನಪಿನಿಂದ ಹೇಳಿದ್ದು, ಇವಳು ಮಾಡಿದ್ದು. ಮೂಗು ಗಿಣಿಯದು. ನಾನು ಬರುವುದು ಇವತ್ತೆಂದು ಬಾಗಿನ ಕೊಡದೆ ಇಟ್ಟುಕೊಂಡಿದ್ದಾಳೆ. ಈ ಊರಿನಲ್ಲಿ ಮೊರ ಎಲ್ಲಿ ಸಿಗಬೇಕು? ಪಕ್ಕದ ಮನೆಯ ಫಿಜಿ ಹೆಂಗಸಿನಿಂದ ತೆಂಗಿನ ಗರಿಯಲ್ಲಿ ಎರಡು ತಟ್ಟೆ ಹೆಣೆಸಿ ಒಂದರ ಮೇಲೊಂದು ಕವುಚಿದ್ದಾಳೆ. ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಾಚಣಿಗೆ, ಕನ್ನಡಿ. ಜೊತೆಗೆ ಒಂದು ಟಾರ್ಚಿನ ಬ್ಯಾಟರಿ.

"ಇದೇನು?"

ವಾಸು ತಲೆ ಕೆರೆದುಕೊಂಡ. ಯಾವುದೋ ವರ್ಷ ಅಮ್ಮ ಬಾಗಿನ ಜೋಡಿಸುತ್ತಿದ್ದಾಗ ಇವನು ಆಡುತ್ತಾ ತನ್ನ ಬ್ಯಾಟರಿಯನ್ನು ಅದರಲ್ಲಿ ಹಾಕಿದ್ದನಂತೆ. ಬಾಗಿನದಲ್ಲಿ ಅದೂ ಇರಬೇಕೆಂದು ಈಗಲೂ ತಿಳಿದುಕೊಂಡಿದ್ದಾನೆ.

ನಗು ಬಂತು, ನಿಲ್ಲಲೇ ಇಲ್ಲ. ಹೊನ್ನಮ್ಮ ಸೆರಗು ಮುಚ್ಚಿ ಬಾಗಿನ ಕೊಟ್ಟಳು, ನಾನು ಸೆರಗು ಮುಚ್ಚಿ ತೆಗೆದುಕೊಂಡೆ. ಬ್ಯಾಟರಿ ಸಮೇತ.

ಸೆಪ್ಟೆಂಬರ್ 12, ಶುಕ್ರವಾರ

ಮಳೆ. ವಾಸು ಶಾಲೆಗೆ, ಹೊನ್ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸಕ್ಕೆ. ಮಧ್ಯಾಹ್ನ ನಾನೇ ಮಾರುಕಟ್ಟೆಗೆ ಇಳಿದೆ. ಒಬ್ಬ ಮುದುಕಿ ಕೆಸುವಿನ ಎಲೆಯ ಕಟ್ಟು ಮಾರುತ್ತಿದ್ದಳು. ನಾನು ಚೌಕಾಸಿ ಮಾಡಿದೆ. ಅವಳು ನಕ್ಕು ಇನ್ನೊಂದು ಕಟ್ಟು ಸುಮ್ಮನೆ ಕೊಟ್ಟಳು. ಇಂಥವರ ಹತ್ತಿರ ಚೌಕಾಸಿ ಮಾಡುವುದು ಕಷ್ಟ.

ಹೊನ್ನಮ್ಮ ಬಂದಮೇಲೆ ಪತ್ರೊಡೆ ಹೇಳಿಕೊಟ್ಟೆ. ಎಲೆಗೆ ಹಿಟ್ಟು ಬಳಿಯುವುದು ನೋಡಿ "ಇಷ್ಟೆಲ್ಲಾ ಕೆಲಸ ಒಂದು ಎಲೆಗಾ ಅಕ್ಕಾ?" ಎಂದಳು. ನ್ಯಾಯವಾದ ಪ್ರಶ್ನೆ.

ತಂದ ಸೀರೆ ಕೊಡಲಿಲ್ಲ. ನನ್ನ ಹಸಿರು ರೇಷ್ಮೆ ಕೊಟ್ಟೆ. ಎತ್ತರದವರಿಗೆ ಅದು ಒಪ್ಪುತ್ತದೆ, ಅಷ್ಟಕ್ಕೇ.

ಸೆಪ್ಟೆಂಬರ್ 16, ಮಂಗಳವಾರ

ಬೆಳಿಗ್ಗೆ ಬಚ್ಚಲಲ್ಲಿ ಹೊನ್ನಿ ವಾಂತಿ ಮಾಡುವುದು ಕೇಳಿಸಿತು. ನಿನ್ನೆಯೂ ಕೇಳಿಸಿತ್ತು. ನನ್ನನ್ನು ಕಂಡು ಪತ್ರೊಡೆ ಒಗ್ಗಲಿಲ್ಲ ಎಂದಳು. ನಾಲ್ಕು ದಿನದ ಹಿಂದಿನ ಪತ್ರೊಡೆ.

ವಾಸುವನ್ನು ಹಿಡಿದು ಕೇಳಿದೆ. ಹೆರಿಗೆ ಮಾರ್ಚಿಗಂತೆ.

"ಯಾಕೋ ಹೇಳಲಿಲ್ಲ?"

ಅವನು ಕಾಲಿನ ಹೆಬ್ಬೆರಳು ನೋಡುತ್ತ ನಿಂತ. "ನಿನಗೆ ಬೇಜಾರಾಗತ್ತೇನೋ ಅಂತ. ನೀನು ಹೋಗೋವರೆಗೂ ಹೇಳೋದು ಬೇಡ ಅಂದ್ಕೊಂಡ್ವಿ."

ಕೆನ್ನೆಗೆ ಹೊಡೆದ ಹಾಗಾಯಿತು. ಸಮುದ್ರದ ಪಕ್ಕದ ಗೋಡೆಯ ಮೇಲೆ ಹೋಗಿ ಕೂತು ಸಂಜೆಯವರೆಗೆ ಬರಲಿಲ್ಲ. ಹದಿಮೂರು ವರ್ಷದಿಂದ ಹ್ಯೂಸ್ಟನ್ನಿನ ಹೆಂಗಸರು ತುಂಬಿದ ಮಡಿಲಕ್ಕಿಯಲ್ಲಿ ಒಂದು ಕೇರಿಗೇ ಊಟ ಹಾಕಬಹುದಿತ್ತು, ಮಗು ಮಾತ್ರ ಆಗಲಿಲ್ಲ. ಸೀಮಂತವಿದ್ದರೆ "ಪದ್ಮಿನಿ, ನೀವು ಸ್ವಲ್ಪ ಅಡುಗೆಮನೆ ನೋಡ್ಕೊಳ್ತೀರಾ" ಎನ್ನುತ್ತಾರೆ. ನೋಡಿಕೊಳ್ಳುತ್ತೇನೆ. ಅವರ ಮನೆಗಳಲ್ಲಿ ಅದು ರೂಢಿಯಾಗಿದೆ. ಆದರೆ ತವರಿನಲ್ಲೂ ನನ್ನಿಂದ ಬಸುರು ಬಚ್ಚಿಟ್ಟರೆ ಅದು ಎಂಥ ತವರು?

ನಾಳೆಯೇ ಹೊರಟುಬಿಡಬೇಕು ಅನ್ನಿಸುತ್ತಿದೆ.

ಸೆಪ್ಟೆಂಬರ್ 17, ಬುಧವಾರ

ಹೊರಡಲಿಲ್ಲ.

ಹೊನ್ನಿ ಕೆಲಸಕ್ಕೆ ರಜೆ ಹಾಕಿ ನನ್ನ ಹಾಸಿಗೆಯ ಪಕ್ಕ ನೆಲದ ಮೇಲೆ ಬಂದು ಕೂತಳು. ಬಚ್ಚಿಟ್ಟದ್ದು ತಪ್ಪು ಎಂದಳು. ಆಮೇಲೆ ತನಗೆ ಹೆದರಿಕೆ ಎಂದಳು. ಇವಳನ್ನು ಹೆತ್ತು ಇವಳ ತಾಯಿ ಉಳಿಯಲಿಲ್ಲ. ಸಾಕಿದ ಅಜ್ಜಿಯೂ ಈಗಿಲ್ಲ. ವಾಸುವಿಗೆ ಹೇಳಿದರೆ ಪುಸ್ತಕ ತಂದುಕೊಡುತ್ತಾನಂತೆ.

"ನಿಮ್ಮ ಕಡೆ ಹೆಂಗಸರು ಮೊದಲ ಹೆರಿಗೆಗೆ ಎಲ್ಲಿಗೆ ಹೋಗ್ತಾರೆ ಅಕ್ಕಾ?" ಎಂದು ಅವಳ ಹಿಂದಿಯಲ್ಲಿ ಕೇಳಿದಳು.

"ತವರಿಗೆ. ತಾಯಿ ಮನೆಗೆ. ಎಣ್ಣೆ ನೀರು ಹಾಕಿ, ಐದು ತಿಂಗಳು ನೆಲಕ್ಕೆ ಕಾಲಿಡಿಸದೆ ನೋಡ್ಕೊಂಡು, ತೊಟ್ಟಿಲು ಕೊಟ್ಟು ಕಳಿಸ್ತಾರೆ."

ಯೋಚನೆ ಮಾಡಿದಳು. "ನಿಮಗೆ ತವರಿದೆ, ನಾನಿದ್ದೀನಿ. ನನಗೇ ಇಲ್ಲ."

ಬೇಸರದಿಂದ ಹೇಳಿದ್ದಲ್ಲ. ಮನೆಯಲ್ಲಿ ಸಕ್ಕರೆ ಇಲ್ಲ ಎನ್ನುವ ಹಾಗೆ ಹೇಳಿದಳು. ನಾನು ಎದ್ದು ತೆಂಗಿನೆಣ್ಣೆ ಬಿಸಿ ಮಾಡಿ ತಂದು ಅವಳ ತಲೆಗೆ ಹಾಕಿ ತಟ್ಟಿದೆ.

ಸೆಪ್ಟೆಂಬರ್ 21, ಭಾನುವಾರ

ಹೊನ್ನಿಯೇ ಎಕ್ಸ್‌ಚೇಂಜಿನಲ್ಲಿ ಕೂತು ಕ್ಲಿಯರ್ ಲೇಕಿಗೆ ಲೈನು ಕೂಡಿಸಿದಳು. "ಗೋ ಅಹೆಡ್, ಟೆಕ್ಸಸ್" ಎಂದಾಗ ಗತ್ತು ನೋಡಬೇಕಿತ್ತು. ಡಲ್ಲಾಸಿನ ಪಕ್ಕ ರಿಚರ್ಡ್‌ಸನ್‌ನಲ್ಲಿ ಇವರಿಗೆ ಕೆಲಸ ಸಿಕ್ಕಿದೆ. ದೇವರು ದೊಡ್ಡವನು. ಗೆರೆಯ ವಿಷಯ ಬಯ್ಯಬೇಕೆಂದಿದ್ದೆ, ದನಿ ಕೇಳಿ ಮರೆತೇಹೋಯಿತು.

"ಅಡುಗೆಗೇನು ಮಾಡ್ಕೊಳ್ತಿದೀರಿ?"

"ಮೊಸರನ್ನ."

"ಬೇರೆ?"

"ಮೊಸರನ್ನ."

ಸೆಪ್ಟೆಂಬರ್ 26, ಶುಕ್ರವಾರ

ನಾಳೆ ಹೊರಡುವುದು. ತವರಿನಿಂದ ಹೊರಟ ಹೆಣ್ಣಿಗೆ ಮಡಿಲು ತುಂಬಬೇಕೆಂದು ವಾಸುವಿಗೆ ಯಾವ ಮಾಯದಲ್ಲೋ ಸರಿಯಾಗಿ ನೆನಪಿತ್ತು. ಹೊನ್ನಿ ನನ್ನ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ಹಾಕಿದಳು. ಐದು ಹಿಡಿ ಹಾಕು ಎಂದರೆ ಅವಳ ಆ ದೊಡ್ಡ ಕೈಯಲ್ಲಿ ಸೆರಗು ಹರಿಯುವಷ್ಟು ಹಾಕಿದಳು.

ಆಮೇಲೆ ನಾನು ಅವಳನ್ನು ಮಣೆಯ ಮೇಲೆ ಕೂರಿಸಿದೆ. ಬಸುರಿಯ ಮಡಿಲಿಗೆ ನಾನು ಅಕ್ಕಿ ಹಾಕಬಹುದೇ ಎಂದು ಕೇಳಲು ಇಲ್ಲಿ ಯಾರೂ ಇರಲಿಲ್ಲ, ಬೇಡ ಎನ್ನುವವರೂ ಇರಲಿಲ್ಲ. ಅವಳು ಹಸಿರು ರೇಷ್ಮೆಯ ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಜೀವನದಲ್ಲಿ ನಾನು ತುಂಬಿದ ಮೊದಲ ಮಡಿಲು.

ಆಗಲೇ ಬಾಯಿಂದ ಬಂದುಹೋಯಿತು. ಇವರನ್ನು ಒಂದು ಮಾತು ಕೇಳದೆ ಹೇಳಿಬಿಟ್ಟೆ. ವಾಸು ಹೊರಗೆ ಹೋಗಿ ಮಳೆಯಲ್ಲಿ ನಿಂತುಕೊಂಡ.

ಸೆಪ್ಟೆಂಬರ್ 29, ಸೋಮವಾರ. ಕ್ಲಿಯರ್ ಲೇಕ್

ನಿನ್ನೆ ಸಂಜೆ ವಿಮಾನ ನಿಲ್ದಾಣಕ್ಕೆ ಇವರೇ ಬಂದಿದ್ದರು. ಸೊರಗಿದ್ದಾರೆ. ಕಾರಿನಲ್ಲಿ ಕೂತ ತಕ್ಷಣ ಹೊಸ ಊರಿನ ಪುರಾಣ ಶುರುವಾಯಿತು. ರಿಚರ್ಡ್‌ಸನ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ನೋಡಿ ಬಂದಿದ್ದಾರಂತೆ. ಆಫೀಸಿಗೆ ಹತ್ತಿರ, ಒಂದು ಬೆಡ್‌ರೂಮು, ಅಡುಗೆಮನೆಗೆ ಕಿಟಕಿ.

"ನಮ್ಮಿಬ್ಬರಿಗೆ ಧಾರಾಳವಾಯ್ತು. ನೀನು ಹೂಂ ಅಂದ್ರೆ ನಾಳೆ ಸೈನ್ ಮಾಡ್ತೀನಿ."

"ಎರಡು ಬೆಡ್‌ರೂಮಿಂದು ನೋಡಿ."

"ಯಾಕೆ?"

ಹೊನೊಲುಲುವಿನಿಂದ ಇಲ್ಲಿಯವರೆಗೆ ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಒಂದೂ ನೆನಪಿಗೆ ಬರಲಿಲ್ಲ. "ಮಾರ್ಚಲ್ಲಿ ಹೊನ್ನಿಗೆ ಹೆರಿಗೆ. ಮೇ ತಿಂಗಳ ರಜಕ್ಕೆ ವಾಸು ಕರ್ಕೊಂಡು ಬಂದು ಬಿಟ್ಟು ಹೋಗ್ತಾನೆ. ಬಾಣಂತನಕ್ಕೆ ಮಗಳು ತವರಿಗೆ ಬರ್ತಾಳೆ" ಎಂದೆ.

ನಾವು ಇಳಿಯಬೇಕಾದ ಎಕ್ಸಿಟ್ ಹಿಂದಕ್ಕೆ ಹೋಯಿತು. ಮುಂದಿನದೂ ಹೋಯಿತು. ತಪ್ಪು ಮಾಡಿದೆನೇನೋ, ಕೇಳದೆ ಹೇಳಬಾರದಿತ್ತೇನೋ ಎಂದುಕೊಂಡೆ. ಕೊನೆಗೆ ಇವರು ಕನ್ನಡಕ ತೆಗೆದು ಅಂಗಿಯ ತೋಳಿಗೆ ಕಣ್ಣು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ತೊಟ್ಟಿಲು ಎಲ್ಲಿ ಸಿಗತ್ತೆ ಇಲ್ಲಿ?" ಎಂದು ಕೇಳಿದರು.